ಎರಡನೆಯ ಪ್ರಶ್ನೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ – ಈ ನಾಲ್ಕು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿ ನಮ್ಮ ಸೀಮೆಯ ಹಿರಿಯರಲ್ಲಿ ಇಂದಿಗೂ ಉಳಿದಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಇದ್ದವು ಈ ನಾಲ್ಕೇ ತಾಲೂಕುಗಳು. ಮುಂದೆ ಕುಕನೂರು, ಕನಕಗಿರಿ, ಕಾರಟಗಿಗಳೂ ತಾಲೂಕುಗಳಾದವು. ಆದರೂ ‘ನಮ್ಮ ನಾಲ್ಕು ತಾಲೂಕು’ ಎಂಬ ಮಾತು ಬಾಯಿಂದ ಹೋಗಿಲ್ಲ. ಈ ನಾಲ್ಕೂ ತಾಲೂಕಿನ ಮಕ್ಕಳು ಒಂದು ಮನೆಯ ಪಡಸಾಲೆಯಲ್ಲಿ ಕೂಡಿ ಕುಳಿತು ಉಂಡುದನ್ನು ನಾವು ಕಂಡದ್ದು ಮಾತ್ರ ಈ ಸೀಮೆಯಲ್ಲಲ್ಲ. ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಎಂಬ ಊರಿನಲ್ಲಿ, 2024ರ ಜೂನ್ ತಿಂಗಳ ಒಂದು ಶನಿವಾರದ ಸಂಜೆ. ಆ ಸಂಜೆ ನಮ್ಮಿಂದ ಒಂದು ತಪ್ಪು ನಡೆಯಿತು. ಅದನ್ನು ಮನಸ್ಸಿನಲ್ಲೇ ಹೂತಿಡುವುದಕ್ಕಿಂತ ಈ ಪತ್ರಿಕೆಯ ಬಂಧುಗಳ ಮುಂದೆ ಇಡುವುದು ಲೇಸೆಂದು ತಿಳಿದು ಬರೆಯುತ್ತಿದ್ದೇವೆ.

ನಾವು ಬಾಲ್ಯದಲ್ಲಿಯೇ ಮಠ ಸೇರಿದವರು. ಅಲ್ಲಿಯ ಪ್ರಸಾದ ಉಂಡು, ಅಲ್ಲಿಯ ಗುರುಗಳಿಂದ ಸಂಸ್ಕೃತವನ್ನೂ ವಚನಗಳನ್ನೂ ಕಲಿತು, ಮೂರು ದಶಕಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಕಲಿಸಿದವರು. ಅರವತ್ತು ದಾಟುವವರೆಗೆ ವಿಮಾನ ಹತ್ತಿದವರಲ್ಲ. ನಮ್ಮ ತಮ್ಮನ ಮಗ ಕಂಪ್ಯೂಟರ್ ಕೆಲಸದ ನಿಮಿತ್ತ ಇಂಗ್ಲೆಂಡಿನಲ್ಲಿ ನೆಲೆಸಿ ಆರು ವರ್ಷಗಳಾಗಿದ್ದವು. ಅವನ ಮಡದಿ ಯಲಬುರ್ಗಾ ತಾಲೂಕಿನ ಮನೆತನದ ಹೆಣ್ಣುಮಗಳು. “ದೊಡ್ಡಪ್ಪಾರ, ನೀವು ಒಮ್ಮಿ ಬಂದು ನಮ್ಮ ಮನ್ಯಾಗ ಪೂಜಾ ಮಾಡಬೇಕ್ರಿ” ಎಂದು ಅವನು ಪ್ರತಿ ಫೋನಿನಲ್ಲಿಯೂ ಹೇಳುತ್ತಿದ್ದ. ಕೊನೆಗೆ ನಾವು ಒಪ್ಪಿ, ಬೆಂಗಳೂರಿನಿಂದ ವಿಮಾನ ಹತ್ತಿದೆವು.

ಸ್ಲೌ ಹೆಸರುವಾಸಿಯಾದ ಪ್ರವಾಸಿ ತಾಣವೇನಲ್ಲ. ಕಾರ್ಖಾನೆಗಳಿಂದ ಬೆಳೆದ ಊರು. ಕಳೆದ ಶತಮಾನದ ನಡುಭಾಗದಿಂದ ಅಲ್ಲಿಗೆ ದುಡಿಯಲು ಹೋದ ಪಂಜಾಬಿನವರು, ಪಾಕಿಸ್ತಾನದವರು ಹಲವರು. ಈಗ ಅವರ ಜೊತೆಗೆ ನಮ್ಮ ಕಡೆಯ ಹುಡುಗರೂ ಸೇರಿದ್ದಾರೆ. 2022ರಲ್ಲಿ ಆರಂಭವಾದ ಎಲಿಜಬೆತ್ ಮಾರ್ಗದ ರೈಲು ಈ ಊರನ್ನು ಲಂಡನ್ ನಗರದ ಒಡಲಿಗೇ ಜೋಡಿಸಿದೆ. ಸಾಲು ಮನೆಗಳು, ಒಂದರ ಗೋಡೆಯೇ ಇನ್ನೊಂದರ ಗೋಡೆ. ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ, ಹಿಂದೆ ಒಂದು ಪುಟ್ಟ ಹಿತ್ತಲು. ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಕಾಲು ದಾಟಿದ ಮೇಲೆ. ಸಂಧ್ಯಾಕಾಲದ ಲಿಂಗಪೂಜೆಗೆ ಗಡಿಯಾರವನ್ನು ನಂಬಬೇಕೋ ಆಕಾಶವನ್ನು ನಂಬಬೇಕೋ ಎಂಬುದೇ ನಮಗೆ ಮೊದಲ ವಾರದ ಚಿಂತೆಯಾಗಿತ್ತು.

ಅದಕ್ಕಿಂತ ಹೆಚ್ಚು ನಮ್ಮನ್ನು ಕಾಡಿದ್ದು ಆ ಬೀದಿಯ ಮೌನ. ನಮ್ಮ ಊರುಗಳಲ್ಲಿ ಕಟ್ಟೆಯ ಮೇಲೆ ಕುಳಿತರೆ ಸಾಕು, ಹೋಗುವವರು ನಿಂತು ಮಾತನಾಡಿಸುತ್ತಾರೆ, ಚಹಾ ಬರುತ್ತದೆ, ಮಾತು ಬೆಳೆಯುತ್ತದೆ. ಅಲ್ಲಿ ಕರೆಯದೆ ಯಾರೂ ಬರುವುದಿಲ್ಲ, ಕರೆಯದೆ ಹೋಗುವಂತಿಲ್ಲ. ಸೊಸೆ ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದಳು: “ಮಾವಾರ, ಬಂದ ಹೊಸದಾಗಿ ನಾನು ನಾಲ್ಕು ತಿಂಗಳು ಇವರನ್ನ ಬಿಟ್ಟು ಬ್ಯಾರೆ ಯಾರ ಕೂಡಾನೂ ಕನ್ನಡ ಮಾತಾಡಿದ್ದಿಲ್ಲರಿ. ಒಂದಿನ ಅಂಗಡ್ಯಾಗ ಯಾರೋ ‘ಜ್ವಾಳದ ಹಿಟ್ಟು ಐತೇನ್ರಿ’ ಅಂದಿದ್ದು ಕೇಳಿ ಅಲ್ಲೇ ಅತ್ತುಬಿಟ್ಟೆ.” ಹಾಗೆ ಜೋಳದ ಹಿಟ್ಟಿನ ಮುಂದೆ ಸಿಕ್ಕವಳು ಗಂಗಾವತಿ ಕಡೆಯ ಹೆಣ್ಣುಮಗಳು. ಅವಳಿಂದ ಮತ್ತೊಬ್ಬರು, ಅವರಿಂದ ಇನ್ನೊಬ್ಬರು ಪರಿಚಯವಾಗಿ, ಎರಡು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಡುವ ಪದ್ಧತಿ ಬೆಳೆದಿತ್ತು. ಅದಕ್ಕೆ ಅವರು ‘ಪಾರ್ಟಿ’ ಎನ್ನುತ್ತಾರೆ. ಆ ಶಬ್ದ ಕೇಳಿದೊಡನೆ ನಮ್ಮ ಮನಸ್ಸು ಕುಡಿತ, ಕುಣಿತಗಳನ್ನು ನೆನೆದು ಮುದುಡಿತೆಂಬುದನ್ನು ಒಪ್ಪಿಕೊಳ್ಳಬೇಕು. ಅಲ್ಲಿ ಅಂಥವೂ ನಡೆಯುತ್ತವೆ. ಕಚೇರಿಯ ಕೂಟಗಳಿಗೆ ಹೋಗದಿದ್ದರೆ ಬಿಂಕದವನೆನ್ನುತ್ತಾರೆ, ಹೋದರೆ ಹಣ್ಣಿನ ರಸದ ಲೋಟ ಹಿಡಿದು ಮೂಲೆಯಲ್ಲಿ ನಿಲ್ಲಬೇಕು ಎಂದು ನಮ್ಮ ಮಗ ನಕ್ಕು ಹೇಳಿದ. ಆದರೆ ಇವರ ಮನೆಯ ಕೂಟದ ಬಗೆಯೇ ಬೇರೆ.

ಆ ಶನಿವಾರದ ಕೂಟಕ್ಕೆ ಹದಿನೈದು ದಿನ ಮೊದಲೇ ಆಮಂತ್ರಣ ಹೋಗಿತ್ತು. ಬರುವ ಹೊತ್ತು ಐದು ಗಂಟೆ, ಏಳುವ ಹೊತ್ತು ಹತ್ತು ಗಂಟೆ ಎಂದು ಅದರಲ್ಲಿಯೇ ನಮೂದಾಗಿತ್ತು. ಅತಿಥಿಗೆ ಹೋಗುವ ವೇಳೆಯನ್ನು ಮೊದಲೇ ತಿಳಿಸುವುದು ನಮಗೆ ವಿಚಿತ್ರವೆನಿಸಿತು. ಆದರೆ ಮಕ್ಕಳ ನಿದ್ರೆ, ಕೊನೆಯ ರೈಲು, ಪಕ್ಕದ ಗೋಡೆಯ ಆಚೆ ಮಲಗುವವರ ಸುಖ – ಇಷ್ಟನ್ನೂ ಎಣಿಸಿಯೇ ಈ ಕಟ್ಟು ಎಂದು ತಿಳಿದಾಗ ಅದರಲ್ಲೊಂದು ದಯೆ ಕಂಡಿತು. ಪಕ್ಕದ ಮನೆಯ ಆಂಗ್ಲ ವೃದ್ಧೆಗೆ ಸೊಸೆ ಹಿಂದಿನ ದಿನವೇ ಹೋಗಿ, “ನಾಳೆ ಸ್ವಲ್ಪ ಗದ್ದಲವಾದೀತು, ನೀವೂ ಬನ್ನಿ” ಎಂದು ಹೇಳಿ ಬಂದಿದ್ದಳು.

ಇನ್ನೊಂದು ಪದ್ಧತಿಯೆಂದರೆ, ಬರುವ ಪ್ರತಿಯೊಂದು ಮನೆಯವರೂ ಒಂದೊಂದು ಪದಾರ್ಥ ಮಾಡಿಕೊಂಡು ಬರುವುದು. ಇಬ್ಬರೂ ದುಡಿಯುವ ಸಂಸಾರದಲ್ಲಿ ಇಪ್ಪತ್ತೈದು ಜನರ ಅಡಿಗೆ ಒಬ್ಬರ ಮೇಲೆ ಬೀಳಬಾರದೆಂಬ ಎಣಿಕೆ. ಐದು ಗಂಟೆಗೆ ಸರಿಯಾಗಿ ಬಾಗಿಲ ಗಂಟೆ ಬಾರಿಸಿತು. ಒಬ್ಬೊಬ್ಬರೂ ಪಾದರಕ್ಷೆ ಕಳಚಿಟ್ಟು, ಕೈಯಲ್ಲಿದ್ದ ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು, ನಮ್ಮ ಕಾಲಿಗೆರಗಿದರು. ಮೇಜು ತುಂಬುತ್ತ ಬಂದಿತು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಹೆಸರುಕಾಳಿನ ಪಲ್ಯ, ಮಂಡಕ್ಕಿ ಒಗ್ಗರಣೆ, ಮಿರ್ಚಿ, ಶೇಂಗಾ ಹೋಳಿಗೆ. ಕಣ್ಣು ಮುಚ್ಚಿದರೆ ಕೊಪ್ಪಳದ ಜವಾಹರ ರಸ್ತೆಯಲ್ಲಿ ನಿಂತಂತೆ ಆಗುತ್ತಿತ್ತು. ಪಕ್ಕದ ಮನೆಯ ವೃದ್ಧೆ ತಮ್ಮ ವಾಡಿಕೆಯಂತೆ ಒಂದು ದ್ರಾಕ್ಷಾರಸದ ಸೀಸೆ ತಂದರು. ಸೊಸೆ ಅದನ್ನು ವಂದನೆ ಹೇಳಿ ತೆಗೆದುಕೊಂಡು ಒಳಗಿಟ್ಟು, ಅವರ ಕೈಗೆ ಮಜ್ಜಿಗೆಯ ಲೋಟ ಕೊಟ್ಟಳು. ಬೇಡವೆಂದು ನೋಯಿಸಲಿಲ್ಲ, ಬೇಕೆಂದು ಕುಡಿಸಲಿಲ್ಲ. ಈ ಜಾಣತನವನ್ನು ಯಾವ ಶಾಲೆಯೂ ಕಲಿಸಲಾರದು.

ಗಂಗಾವತಿಯಿಂದ ಬಂದ ದಂಪತಿಗಳಲ್ಲಿ ಗಂಡನು ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ‘ಕ್ಯಾಂಪಿ’ನವನು. ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಆಂಧ್ರದ ಕಡೆಯ ರೈತರು ಅಲ್ಲಿಗೆ ಬಂದು ನೆಲೆಸಿ, ಬೆದ್ದಲು ಭೂಮಿಯನ್ನು ಬತ್ತದ ಗದ್ದೆ ಮಾಡಿದರು. ಅವರ ಬಿಡಾರಗಳೇ ಕ್ಯಾಂಪುಗಳೆಂಬ ಊರುಗಳಾದವು. “ನಮ್ಮ ತಾತ ಗಂಗಾವತಿಗೆ ಹೊರಗಿನವನಾಗಿ ಬಂದ್ರಿ. ನಾನು ಇಲ್ಲಿಗೆ ಹೊರಗಿನವನಾಗಿ ಬಂದೀನಿ. ನಮಗಿದು ವಂಶದ ಕಸಬು” ಎಂದು ಅವನು ಹೇಳಿದಾಗ ಎಲ್ಲರೂ ನಕ್ಕರು.

ಅದೇ ಓಘದಲ್ಲಿ ನಮ್ಮ ಮಗ ಒಂದು ಅನುಭವ ಹೇಳಿದ. ಅಲ್ಲಿಯವರು ಹೊಸಬರನ್ನು ಮೊದಲ ಭೇಟಿಯಲ್ಲಿ ಸಂಬಳ, ವಯಸ್ಸು, ಧರ್ಮಗಳನ್ನು ಕೇಳುವುದಿಲ್ಲ; ಮಳೆ–ಬಿಸಿಲಿನ ಮಾತನಾಡುತ್ತಾರೆ. ಆದರೆ ಕೆಲವರು “ಯಾವ ಊರು?” ಎಂದು ಕೇಳುತ್ತಾರೆ. “ಸ್ಲೌ” ಎಂದರೆ ಸುಮ್ಮನಾಗದೆ, “ಅದಿರಲಿ, ನಿಜವಾಗಿ ಯಾವ ಊರು?” ಎಂದು ಮತ್ತೆ ಕೇಳುತ್ತಾರೆ. “ಮೊದಲನೇ ಪ್ರಶ್ನಾ ಚಲೋನ ಐತ್ರಿ ದೊಡ್ಡಪ್ಪಾರ. ಎರಡನೇ ಪ್ರಶ್ನಾ ಬಂತಂದ್ರ, ನೀನು ಇಲ್ಲಿಯವನಲ್ಲ ಅಂತ ತಿಳಿಸಿ ಹೇಳಿದಂಗ” ಎಂದ. ಕುಳಿತವರೆಲ್ಲ ತಲೆದೂಗಿದರು. ಎಲ್ಲರಿಗೂ ಆ ಎರಡನೆಯ ಪ್ರಶ್ನೆಯ ಗಾಯವಿತ್ತು. ನಾವೂ ಮರುಗಿದೆವು, ಪರದೇಶದವರ ಒರಟುತನದ ಬಗೆಗೆ ಎರಡು ಮಾತನ್ನೂ ಆಡಿದೆವು.

ಅಷ್ಟರಲ್ಲಿ ಕೊನೆಯವನಾಗಿ ಒಬ್ಬ ತರುಣ ಬಂದ. ಇನ್ನೂ ಮದುವೆಯಾಗದವನು, ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸ. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ತಾಯಿಯನ್ನು ಫೋನಿನಲ್ಲಿ ಕೇಳಿ ಕೇಳಿ ತಾನೇ ಮಾಡಿದ ಬದನೆಕಾಯಿ ಎಣ್ಣೆಗಾಯಿ ಎಂದು ನಾಚುತ್ತ ಹೇಳಿದ. ಕುಷ್ಟಗಿ ತಾಲೂಕಿನವನೆಂದು ಕೇಳಿ ನಮಗೆ ಹಿಗ್ಗಾಯಿತು. “ಕುಷ್ಟಗಿಯಲ್ಲಿ ಯಾವ ಊರಪ್ಪಾ?” ಎಂದೆವು. ಹನುಮಸಾಗರದ ಕಡೆಯ ಒಂದು ಹಳ್ಳಿಯ ಹೆಸರು ಹೇಳಿದ. ಆ ಊರಿನ ಗುಡಿ, ಆ ಊರಿನ ಹಳ್ಳ ನಾವು ಕಂಡವೇ. ಮಾತು ಅಲ್ಲಿಗೆ ನಿಲ್ಲಬೇಕಾಗಿತ್ತು. ನಾವು ನಿಲ್ಲಿಸಲಿಲ್ಲ.

“ನಿಮ್ಮ ಮನೆತನದವರು ಯಾವ ಮಠದ ಭಕ್ತರು?” ಎಂದು ಕೇಳಿದೆವು.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯ ಅರ್ಥ ತಿಳಿಯದವರಿಲ್ಲ. ಜಾತಿಯನ್ನು ಬಾಯಿ ಬಿಟ್ಟು ಕೇಳಲು ಸಂಕೋಚವಾದಾಗ ಮಠದ ಹೆಸರು ಕೇಳುತ್ತೇವೆ. ತರುಣ ಕ್ಷಣಕಾಲ ನೆಲ ನೋಡಿದ. “ನಮ್ಮ ಮನೆತನದವರು ಯಾವ ಮಠಕ್ಕೂ ನಡಕೊಳ್ಳವರಲ್ರಿ ಅಯ್ಯಾರ. ನಾ ಮಾತ್ರ ಮಠದಾಗ ಉಂಡು ಓದೀನ್ರಿ” ಎಂದ. ಅವನ ಮಾತಿನ ಮೊದಲ ಅರ್ಧ ನಮಗೆ ಕೇಳಿಸಿತು. ಎರಡನೆಯ ಅರ್ಧ ಕಿವಿಗೆ ಬಿದ್ದರೂ ಮನಸ್ಸಿಗಿಳಿಯಲಿಲ್ಲ. “ಹಾಂ, ಇರಲಿ” ಎಂದು ಮುಖ ಬೇರೆಡೆಗೆ ತಿರುಗಿಸಿದೆವು.

ಊಟದ ಹೊತ್ತಿಗೆ ನಾವು ಸೊಸೆ ಮಾಡಿದ ರೊಟ್ಟಿಯನ್ನೂ ಪಲ್ಯವನ್ನೂ ಬಡಿಸಿಕೊಂಡೆವು. ಗಂಗಾವತಿಯವರ ಚಿತ್ರಾನ್ನವನ್ನೂ ತೆಗೆದುಕೊಂಡೆವು. ಆ ಡಬ್ಬಿಯ ಹತ್ತಿರ ಬಂದಾಗ, ಎಣ್ಣೆಯ ಪದಾರ್ಥ ಹೊಟ್ಟೆಗಾಗದು ಎಂದು ಕೈ ಅಡ್ಡ ಮಾಡಿದೆವು. ಅದು ನಿಜವಾಗಿರಲಿಲ್ಲ. ಅದಕ್ಕೆ ಮೊದಲೇ ನಾಲ್ಕು ಮಿರ್ಚಿ ತಿಂದಿದ್ದೆವು.

ಊಟವಾದ ಮೇಲೆ ಎಲ್ಲರೂ ನೆಲದ ಮೇಲೆ ಕುಳಿತು, ಒಂದು ಅನುಭಾವದ ಮಾತು ಹೇಳಬೇಕೆಂದು ಕೇಳಿದರು. ಬಂದವನು ಯಾರೆಂದು ವಿಚಾರಿಸದೆ ತನ್ನವನೆಂದೇ ಎಣಿಸಬೇಕೆಂದು ಬೋಧಿಸುವ ಬಸವಣ್ಣನವರ ವಚನವನ್ನೇ ನಾವು ಆರಿಸಿಕೊಂಡೆವು. ಹೊರನಾಡಿನ ಕೂಟಕ್ಕೆ ಅದಕ್ಕಿಂತ ಹೊಂದುವ ವಚನ ಬೇರಾವುದಿದೆ? ಅರ್ಧ ಗಂಟೆ ವಿವರಿಸಿದೆವು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಹೆಸರೂ ಬಂದವು. ಕಲ್ಯಾಣದಲ್ಲಿ ಹರಳಯ್ಯ–ಮಧುವರಸರ ಮಕ್ಕಳ ಮದುವೆಯೂ ಬಂದಿತು. ಎಲ್ಲರೂ ಭಕ್ತಿಯಿಂದ ಕೇಳಿದರು. ನಾವು ಕಣ್ಣೆತ್ತಿ ನೋಡಿದಾಗ ಕುಷ್ಟಗಿಯ ತರುಣ ಅಲ್ಲಿರಲಿಲ್ಲ. ರಾತ್ರಿ ಪಾಳಿಯ ಕೆಲಸವಿದೆಯೆಂದು ಹೇಳಿ ಹೊರಟುಹೋದನಂತೆ. ಅವನ ಡಬ್ಬಿ ಮೇಜಿನ ಮೇಲೆಯೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಕುಳಿತಿದ್ದೆವು. ಸೊಸೆ ಚಹಾ ತಂದಿಟ್ಟು ಅಲ್ಲಿಯೇ ನಿಂತಳು. “ಮಾವಾರ, ತಪ್ಪ ತಿಳೀಬ್ಯಾಡ್ರಿ. ಒಂದ ಮಾತು ಹೇಳಲೇನ್ರಿ?” ಎಂದಳು. ಹೇಳು ಎಂದೆವು. “ನಿನ್ನೆ ಅವರಿಗೆ ರಾತ್ರಿ ಪಾಳಿ ಇದ್ದಿಲ್ರಿ” ಎಂದಳು. ಮತ್ತೇನೂ ಹೇಳಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದಳು. ಮಠದಲ್ಲಿ ನಮ್ಮ ಗುರುಗಳು ಬೆತ್ತದಿಂದ ಹೊಡೆದಾಗಲೂ ನಮಗೆ ಅಷ್ಟು ಪೆಟ್ಟಾಗಿರಲಿಲ್ಲ.

ಅಂದು ಮೊದಲೇ ಗೊತ್ತಾದಂತೆ ನಮ್ಮನ್ನು ಥೇಮ್ಸ್ ನದಿಯ ದಂಡೆಯ ಬಸವೇಶ್ವರ ಪ್ರತಿಮೆಯ ದರ್ಶನಕ್ಕೆ ಕರೆದೊಯ್ದರು. ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿಳಿದು, ಸೇತುವೆ ದಾಟಿ, ನದಿಯ ದಂಡೆಗುಂಟ ದಕ್ಷಿಣಕ್ಕೆ ನಡೆದರೆ ಬಲಗಡೆ ನೀರಿನ ಆಚೆ ಬ್ರಿಟಿಷ್ ಸಂಸತ್ತಿನ ಗೋಪುರಗಳು ಕಾಣುತ್ತವೆ. ಲ್ಯಾಂಬೆತ್ ಸೇತುವೆಯ ಆಚೆಗೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿ ಅಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಭಾರತದ ಪ್ರಧಾನಮಂತ್ರಿಗಳು ಅದನ್ನು ಅನಾವರಣ ಮಾಡಿದರು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನ ಇದರ ಹಿಂದಿದೆ. ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ನೆನೆದು, ಪ್ರಜಾಪ್ರಭುತ್ವದ ತವರೆಂದು ಹೆಸರಾದ ಸಂಸತ್ತಿನ ಎದುರುದಂಡೆಯಲ್ಲಿ ಅಣ್ಣನವರಿಗೆ ಸ್ಥಾನ ದೊರಕಿದ್ದು ನಮ್ಮೆಲ್ಲರ ಅಭಿಮಾನದ ಸಂಗತಿ. ಆದರೆ ಅಂದು ನಮಗೆ ಅಭಿಮಾನ ಮೂಡಲಿಲ್ಲ. ಪ್ರತಿಮೆಯ ಮುಂದೆ ಕೈಮುಗಿದಾಗ ತಲೆ ತಾನಾಗಿಯೇ ತಗ್ಗಿತು.

ಅಲ್ಲಿಯ ಬೆಂಚಿನ ಮೇಲೆ ಕುಳಿತು ನಮ್ಮ ಮಗ ಹಲವು ಸಂಗತಿ ತಿಳಿಸಿದ. ನಮ್ಮವರು ಸಾಗರ ದಾಟುವಾಗ ಜಾತಿಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಬರುತ್ತಾರೆಂಬುದು ಈಗ ಪರದೇಶದ ಸರ್ಕಾರಗಳಿಗೂ ಗೊತ್ತಾಗಿದೆಯಂತೆ. ಬ್ರಿಟನ್ನಿನಲ್ಲಿ ಜಾತಿಭೇದದ ವಿರುದ್ಧ ಪ್ರತ್ಯೇಕ ಕಾನೂನು ಬೇಕೇ ಎಂದು ವರ್ಷಗಟ್ಟಲೆ ಚರ್ಚೆ ನಡೆದು, ನ್ಯಾಯಾಲಯದ ತೀರ್ಪುಗಳೇ ಸಾಕೆಂದು 2018ರಲ್ಲಿ ಸರ್ಕಾರ ತೀರ್ಮಾನಿಸಿತು. ಅಮೆರಿಕದ ಸಿಯಾಟಲ್ ನಗರಸಭೆ 2023ರ ಫೆಬ್ರವರಿಯಲ್ಲಿ ಜಾತಿಭೇದವನ್ನು ನಿಷೇಧಿಸಿತು. ಆ ದೇಶದಲ್ಲಿ ಹಾಗೆ ಮಾಡಿದ ಮೊದಲ ನಗರವದು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಇಂಥದೇ ಮಸೂದೆಗೆ ಅಲ್ಲಿಯ ಗವರ್ನರ್ ಅಂಕಿತ ಹಾಕಲಿಲ್ಲ. ಕಾನೂನು ಬೇಕೋ ಬೇಡವೋ ಎಂಬುದು ಬಲ್ಲವರ ಚರ್ಚೆ. ಆದರೆ ಊಟದ ಮೇಜಿನ ಮುಂದೆ ಕೈ ಅಡ್ಡ ಮಾಡುವವನನ್ನು ಯಾವ ಕಾನೂನು ಹಿಡಿದೀತು? ಅಲ್ಲಿ ಸಾಕ್ಷಿ ಹೇಳಬೇಕಾದವನು ಉಂಡವನೇ.

ಆ ಡಬ್ಬಿಯನ್ನು ಹಿಂತಿರುಗಿಸಬೇಕಾಗಿತ್ತು. ನೆರೆಮನೆಯ ಪಾತ್ರೆಯನ್ನು ಬರಿದಾಗಿ ಕೊಡಬಾರದೆಂಬುದು ನಮ್ಮ ಕಡೆಯ ಹೆಣ್ಣುಮಕ್ಕಳ ನೇಮ. ಸೊಸೆ ಅದನ್ನು ತೊಳೆದು, ಶೇಂಗಾ ಹೋಳಿಗೆ ತುಂಬಿದಳು. ಬುಧವಾರ ಸಂಜೆ ನಾವೇ ಅದನ್ನು ಹಿಡಿದುಕೊಂಡು ಮಗನೊಡನೆ ಹೋದೆವು. ಒಂದು ಮನೆಯನ್ನು ನಾಲ್ವರು ಹಂಚಿಕೊಂಡಿದ್ದರು. ಅವನ ಪಾಲಿಗೆ ಒಂದು ಕೋಣೆ. ಕುರ್ಚಿ ಒಂದೇ ಇದ್ದುದರಿಂದ ನಮ್ಮನ್ನು ಅದರ ಮೇಲೆ ಕೂರಿಸಿ, ತಾನು ಮಂಚದ ಅಂಚಿನಲ್ಲಿ ಕುಳಿತ. “ತಮ್ಮಾ, ಅಂದು ನಾವು ಕೇಳಬಾರದ್ದನ್ನು ಕೇಳಿದೆವು. ಮಾಡಬಾರದ್ದನ್ನು ಮಾಡಿದೆವು. ನಮ್ಮನ್ನು ಕ್ಷಮಿಸು” ಎಂದೆವು. “ಅಯ್ಯಾರ, ಹಂಗ ಅನಬ್ಯಾಡ್ರಿ” ಎಂದು ಎದ್ದು ನಿಂತ. ಚಹಾ ಮಾಡಿಕೊಟ್ಟ. ನಾವು ಕುಡಿದೆವು.

ಸ್ವಲ್ಪ ಹೊತ್ತಿನ ಮೇಲೆ ಅವನೇ ಮಾತನಾಡಿದ. ಕೊಪ್ಪಳದಲ್ಲಿ ಕಲಿಯುವಾಗ ಗವಿಮಠದಲ್ಲಿ ಉಂಡು ಬೆಳೆದನಂತೆ. “ಅಲ್ಲಿ ಐದು ವರ್ಷ ಉಂಡೆ. ‘ಊಟ ಆತೇನು’ ಅಂತ ಕೇಳಿದರು. ಬ್ಯಾರೆ ಏನೂ ಕೇಳಲಿಲ್ರಿ. ಅದಕ್ಕ ನಿಮ್ಮನ್ನ ನೋಡಿ, ನಮ್ಮ ಮಠದವರ ಬಂದಂಗಾತು ಅಂತ ಎಣ್ಣೆಗಾಯಿ ಮಾಡಿಕೊಂಡು ಬಂದಿದ್ದೆ” ಎಂದ. ಈ ಮಾತನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಮಗೆ ಹಗುರವಾಗುತ್ತಿತ್ತು. ಹೊರಡುವಾಗ ಅವನ ಊರಿಗೆ ಹೋಗಿ ತಾಯಿಯನ್ನು ಕಂಡು ಬರುವುದಾಗಿ ಮಾತು ಕೊಟ್ಟೆವು.

ಊರಿಗೆ ಮರಳಿದ ಮೇಲೆ ಮಳೆಗಾಲ ಕಳೆಯಿತು, ಸುಗ್ಗಿ ಬಂದಿತು. ಮಾತು ಹಾಗೆಯೇ ಉಳಿದಿತ್ತು. 2025ರ ಜನವರಿ 15, ಪುಷ್ಯ ಬಹುಳ ಬಿದಿಗೆಯಂದು ಗವಿಸಿದ್ಧೇಶ್ವರನ ಮಹಾರಥೋತ್ಸವ. ಆ ಜಾತ್ರೆಯ ದಾಸೋಹವನ್ನು ಬಲ್ಲದವರಾರು? ಲಕ್ಷಾಂತರ ರೊಟ್ಟಿಗಳು ಹಳ್ಳಿ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ, ಬಂಡಿಗಳಲ್ಲಿ ಬರುತ್ತವೆ. ಮಠದ ಅಂಗಳದಲ್ಲಿ ಅವು ಒಂದೇ ರಾಶಿಯಾಗುತ್ತವೆ. ಯಾವ ರೊಟ್ಟಿ ಯಾವ ಊರಿನದು, ಯಾವ ಓಣಿಯದು, ಯಾವ ಕೈ ಬಡಿದದ್ದು ಎಂದು ಆಮೇಲೆ ಶಿವನೂ ಹೇಳಲಾರ. ಸ್ಲೌ ಊರಿನ ಮೇಜಿನ ಮೇಲೂ ಎಲ್ಲರ ಪದಾರ್ಥವೂ ಒಂದೆಡೆ ಕೂಡಿತ್ತು. ಆದರೆ ಅಲ್ಲಿ ಡಬ್ಬಿಗಳು ಬೇರೆ ಬೇರೆ ಇದ್ದವು; ಯಾವುದು ಯಾರದೆಂದು ನಮಗೆ ತಿಳಿದಿತ್ತು. ವ್ಯತ್ಯಾಸ ಅಷ್ಟೆ.

ಗವಿಮಠದ ಬೆಟ್ಟದ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರಕೀತು ಎಂಬುದು ಅದರ ಒಂದು ತಾತ್ಪರ್ಯ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಎಷ್ಟೋ ಸಲ ಇದನ್ನು ವಿವರಿಸಿದ್ದೆವು. ಈ ಸಲ ಜಾತ್ರೆಯಲ್ಲಿ ಅದರ ಹತ್ತಿರ ನಿಂತಾಗ ಕೊಟ್ಟ ಮಾತು ನೆನಪಾಯಿತು.

ಜಾತ್ರೆ ಮುಗಿದ ವಾರ ಹೊರಟೆವು. ಕೊಪ್ಪಳದಿಂದ ಕುಕನೂರು. ಅಲ್ಲಿಂದ ಇಟಗಿ ದೂರವಲ್ಲ. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ, ಶಾಸನದಲ್ಲಿ ದೇವಾಲಯ ಚಕ್ರವರ್ತಿಯೆಂದು ಹೊಗಳಿಸಿಕೊಂಡ ಗುಡಿ ಅಲ್ಲಿದೆ. ಬೇರೆ ದಿನವಾದರೆ ಹೋಗದೆ ಇರುತ್ತಿರಲಿಲ್ಲ. ಅಂದು ನೇರವಾಗಿ ಯಲಬುರ್ಗಾಕ್ಕೆ ಹೋಗಿ, ಸೊಸೆಯ ತವರಿನವರಿಗೆ ಮೊಮ್ಮಗಳ ಚಿತ್ರಗಳನ್ನು ಕೊಟ್ಟು, ಕುಷ್ಟಗಿಯ ದಾರಿ ಹಿಡಿದೆವು. ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿತ್ತು.

ಆ ತಾಯಿಯ ಮನೆ ಊರ ಹೊರಗಿನ ಓಣಿಯಲ್ಲಿತ್ತು. ಮಗ ಫೋನಿನಲ್ಲಿ ಮೊದಲೇ ತಿಳಿಸಿದ್ದ. ನಮ್ಮನ್ನು ಕಂಡೊಡನೆ ಆಕೆ ಬೇವಿನ ಗಿಡದ ನೆರಳಿನಲ್ಲಿ ಚಾಪೆ ಹಾಸಿ, ಸೆರಗು ಹೊದ್ದು ದೂರ ನಿಂತರು. ಒಬ್ಬ ಹುಡುಗನ ಕೈಯಲ್ಲಿ ದುಡ್ಡು ಕೊಟ್ಟು ಅಂಗಡಿಗೆ ಓಡಿಸಿದರು. ಏತಕ್ಕೆಂದು ಕೇಳಿದರೆ, “ನೀರಿನ ಬಾಟ್ಲಿ ತರಾಕರಿ” ಎಂದರು. “ಮನೆಯಲ್ಲಿ ನೀರಿಲ್ಲವೇನವ್ವಾ?” ಎಂದೆವು. “ಅದಾವ್ರಿ. ನಮ್ಮ ಮನ್ಯಾಗಿನ ನೀರು ತಮಗ ನಡಿತಾವೇನ್ರಿ ಅಯ್ಯಾರ?” ಎಂದರು.

ನಮ್ಮಷ್ಟೇ ವಯಸ್ಸಾದ ಹೆಣ್ಣುಮಗಳು, ಮಗನನ್ನು ಸಾಗರದಾಚೆ ದುಡಿಯಲು ಕಳಿಸಿದ ತಾಯಿ, ತನ್ನ ಮನೆಯ ಅಂಗಳದಲ್ಲಿ ನಿಂತು ಈ ಮಾತು ಕೇಳಬೇಕಾಯಿತು. ಮಗನು ಲಂಡನ್ನಿನ ಹತ್ತಿರ ಕೇಳಿಸಿಕೊಂಡ ಎರಡನೆಯ ಪ್ರಶ್ನೆಯನ್ನು ಈಕೆ ಬದುಕಿನುದ್ದಕ್ಕೂ ಕೇಳಿಸಿಕೊಂಡಿದ್ದರು. ಈಗ ಯಾರೂ ಕೇಳುವ ಮೊದಲೇ ತಾವಾಗಿಯೇ ಉತ್ತರ ಹೇಳುವುದನ್ನು ಕಲಿತಿದ್ದರು. “ಒಳಗಿನ ಕೊಡದ್ದನ್ನೇ ಕೊಡವ್ವಾ” ಎಂದು ಕೇಳಿ ಒಂದು ತಂಬಿಗೆ ನೀರು ಕುಡಿದೆವು. ಇದನ್ನು ದೊಡ್ಡಸ್ತಿಕೆಗಾಗಿ ಬರೆಯುತ್ತಿಲ್ಲ. ಬಾಯಾರಿದವನು ನೀರು ಕುಡಿದ, ಅಷ್ಟೆ. ದೊಡ್ಡ ಮನಸ್ಸು ತೋರಿದವರು ಕೊಟ್ಟವರು.

ಆಮೇಲೆ ರೊಟ್ಟಿ, ಎಣ್ಣೆಗಾಯಿ ಬಂದವು. ಉಣ್ಣುತ್ತಿರುವಾಗ ಆ ತಾಯಿಗೆ ಧೈರ್ಯ ಬಂದು ಮಾತು ಹರಿಯಿತು. ಮಗನು ಮಠದಲ್ಲಿ ಉಂಡು ಓದಿದ ಋಣಕ್ಕಾಗಿ ಪ್ರತಿ ವರ್ಷ ಜಾತ್ರೆಗೆ ರೊಟ್ಟಿ ಕೊಡುತ್ತಾರಂತೆ. “ಊರಿನ ಟ್ಯಾಕ್ಟ್ರಿ ಹೋಗ್ತೈತ್ರಿ. ಈ ವರ್ಷನೂ ನೂರು ರೊಟ್ಟಿ ಬಡದು ಕೊಟ್ಟೀನ್ರಿ” ಎಂದರು.

ನಮ್ಮ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ವರ್ಷ ವರ್ಷವೂ ಜಾತ್ರೆಯ ಮಹಾದಾಸೋಹದಲ್ಲಿ ಕುಳಿತು, ಮಾದಲಿಯೊಡನೆ, ಪಲ್ಯದೊಡನೆ ನಾವು ಉಂಡ ರೊಟ್ಟಿಗಳಲ್ಲಿ ಈ ತಾಯಿ ಬಡಿದವು ಎಷ್ಟಿದ್ದವೋ! ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಂಡಿದ್ದೆವು. ಅದೇ ಕೈಯಡಿಗೆಯನ್ನು ಮಗನಿಗೆ ಕಲಿಸಿ, ಆತ ಡಬ್ಬಿಯಲ್ಲಿ ತುಂಬಿ ತಂದಾಗ ಹೊಟ್ಟೆಗಾಗದೆಂದಿದ್ದೆವು. ಮಠದಲ್ಲಿ ಐವತ್ತು ವರ್ಷ ಕಲಿತದ್ದು ನಮಗೆ ಆ ಬೇವಿನ ನೆರಳಿನಲ್ಲಿ ಅರ್ಥವಾಯಿತು.

ಹೊರಡುವಾಗ ಊರೊಳಗಿನ ಪರಿಚಯದ ಹಿರಿಯರೊಬ್ಬರು ಬಸ್ಸಿನ ಕಟ್ಟೆಯಲ್ಲಿ ಕಂಡರು. “ಅಯ್ಯಾರ, ಆ ಓಣ್ಯಾಗ ನಿಮ್ಮದೇನ್ರಿ ಕೆಲಸಾ?” ಎಂದು ಕೇಳಿದರು. “ಊಟಕ್ಕೆ ಕರೆದಿದ್ದರು” ಎಂದೆವು. ಅವರು ಮುಂದೆ ಮಾತನಾಡಲಿಲ್ಲ. ಬಸ್ಸು ಬರುವವರೆಗೆ ಸ್ವಲ್ಪ ದೂರ ಸರಿದು ನಿಂತರು. ಆ ದೂರದ ರುಚಿಯನ್ನೂ ನಾವು ಒಮ್ಮೆ ಉಣ್ಣಬೇಕಾಗಿತ್ತು.

ಬಂಧುಗಳೇ, ಇಂದು ನಮ್ಮ ಪ್ರತಿ ಊರಿನಲ್ಲಿಯೂ ಮಕ್ಕಳನ್ನು ಪರದೇಶಕ್ಕೆ ಕಳಿಸಿದ ಮನೆಗಳಿವೆ. ಮಕ್ಕಳು ಅಲ್ಲಿ ಒಂಟಿಯಾಗದಿರಲೆಂದು ನಾವೆಲ್ಲ ಹರಕೆ ಹೊರುತ್ತೇವೆ. ಅವರ ಒಂಟಿತನವನ್ನು ಕಳೆಯುವುದು ಇಂಥ ಶನಿವಾರದ ಕೂಟಗಳೇ. ಅವು ಎಲ್ಲರ ಡಬ್ಬಿಯೂ ಖಾಲಿಯಾಗಿ ಹಿಂತಿರುಗುವ ಕೂಟಗಳಾಗಬೇಕೋ, ಒಂದು ಡಬ್ಬಿ ತುಂಬಿದಂತೆಯೇ ಉಳಿಯುವ ಕೂಟಗಳಾಗಬೇಕೋ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಏಕೆಂದರೆ ಭಾನುವಾರ ಫೋನು ಮಾಡಿದಾಗ, “ಯಾರು ಬಂದಿದ್ದರು? ಯಾವ ಊರಿನವರು?” ಎಂದು ಕೇಳಿ, ಅಷ್ಟಕ್ಕೆ ಬಿಡದೆ, “ಯಾವ ಮಂದಿ?” ಎಂದು ಕೇಳುವವರು ಇಲ್ಲಿ ಕುಳಿತ ನಾವೇ. ಮಕ್ಕಳು ಮರೆತದ್ದನ್ನು ನೆನಪಿಸಿಕೊಡುವವರೂ ನಾವೇ.

ಎರಡನೆಯ ಪ್ರಶ್ನೆ ಕೇಳಲೇಬೇಕೆನಿಸಿದರೆ, ಗವಿಮಠದ ಪಂಕ್ತಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ. ಊರು ಯಾವುದೆಂದು ಕೇಳಿದ ಮೇಲೆ, “ಊಟ ಆತೇನು?” ಎಂದು ಕೇಳೋಣ. ಬಂದವನಿಗೆ ಅಷ್ಟು ಸಾಕು. ನಮಗೂ ಅಷ್ಟು ಸಾಕು.

ಶರಣು ಶರಣಾರ್ಥಿ.